ಬೀರುವಿನ ಮೇಲೆ ಕೂತ ಸ್ವರ

ಬಸೂನ್ ಎಂಬ ವಾದ್ಯವನ್ನು ನೀವು ನೋಡಿರದಿದ್ದರೆ ಹೀಗೆ ಅಂದುಕೊಳ್ಳಿ: ಒಂದು ಉದ್ದನೆಯ ಮರದ ಕೊಳವೆ ಇತ್ತು, ತನ್ನ ಉದ್ದಕ್ಕೆ ತಾನೇ ನಾಚಿ ನಡುವೆ ಮಡಚಿಕೊಂಡಿತು. ಮಡಚಿಕೊಂಡ ಮೇಲೂ ಅದನ್ನು ಕೂತು ನುಡಿಸುವ ಗುಬ್ಬಿ ಎಂಬ ಹುಡುಗಿಯ ತಲೆಗಿಂತ ಮೇಲಕ್ಕೇ ಚಾಚಿಕೊಂಡಿತು. ಮೈತುಂಬ ಬೆರಳಲ್ಲಿ ಒತ್ತುವ ಬೆಳ್ಳಿ ಬಣ್ಣದ ಕೀಲಿಗಳು, ಪಕ್ಕೆಯಿಂದ ಹೊರಟ ಒಂದು ಬಾಗಿದ ಲೋಹದ ನಳಿಕೆ, ಆ ನಳಿಕೆಯ ತುದಿಗೆ ಒಂದು ರೀಡು. ರೀಡು ಅಂದರೆ ಜೊಂಡಿನ ಎರಡು ಸೀಳುಗಳನ್ನು ಒಂದರ ಮೇಲೊಂದಿಟ್ಟು ದಾರ ಸುತ್ತಿದ್ದು. ಅದನ್ನು ತುಟಿಗಳ ನಡುವೆ ಹಿಡಿದು ಊದಿದರೆ, ಹೊಟ್ಟೆತುಂಬ ಉಂಡ ದೊಡ್ಡಪ್ಪ ಒರಗುಕುರ್ಚಿಯಲ್ಲಿ ಗಂಟಲು ಸರಿಮಾಡಿಕೊಂಡಂಥ ಒಂದು ದನಿ ಹೊರಡುತ್ತದೆ. ಬೆಚ್ಚಗಿನ, ಕೆಳಗಿನ, ಯಾರಿಗೂ ತೊಂದರೆ ಕೊಡದ ದನಿ.

ಗುಬ್ಬಿ ಎಂದು ಅವಳಿಗೆ ಹೆಸರಿಟ್ಟದ್ದು ಅಜ್ಜಿ, ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುವಷ್ಟಿದ್ದಳೆಂದು. ದೊಡ್ಡವಳಾದ ಮೇಲೂ ಆ ಹೆಸರು ಅವಳನ್ನು ಬಿಡಲಿಲ್ಲ. ಊರಿನ ವಾದ್ಯವೃಂದದಲ್ಲಿ ಮೊದಲನೇ ಬಸೂನಿನ ಕುರ್ಚಿ ಅವಳದು. ಅವಳದು ಅನ್ನುವುದಕ್ಕಿಂತ ಸದ್ಯಕ್ಕೆ ಅವಳದು. ಯಾಕೆಂದರೆ ವಾದ್ಯವೃಂದವನ್ನು ನಡೆಸುತ್ತಿದ್ದ ಕಡ್ಡಿ ಮೇಷ್ಟ್ರು ಯಾವ ಕುರ್ಚಿಯನ್ನೂ ಯಾರಿಗೂ ಪೂರ್ತಿಯಾಗಿ ಕೊಟ್ಟವರಲ್ಲ. ಕೈಯಲ್ಲಿ ಸದಾ ತಾಳ ಹಾಕುವ ಬಿಳಿ ಕಡ್ಡಿ ಇರುತ್ತಿದ್ದದ್ದರಿಂದ ಅವರಿಗೆ ಆ ಹೆಸರು. ಹಿಂದೊಮ್ಮೆ, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುವವನೊಬ್ಬ ತಡವಾಗಿ ಬಂದ. ಮೇಷ್ಟ್ರು ಬೈಯಲಿಲ್ಲ. ಅವನ ಕುರ್ಚಿ ತೆಗೆಸಿ ಅಲ್ಲಿ ಅಗಲ ಎಲೆಯ ಗಿಡವಿದ್ದ ಒಂದು ಹೂಕುಂಡ ಇಡಿಸಿದರು. "ಇದು ತಪ್ಪು ನುಡಿಸೋದಿಲ್ಲ" ಅಂದರು. ಆ ವರ್ಷ ಪತ್ರಿಕೆಯ ವಿಮರ್ಶಕನೊಬ್ಬ ವಯೋಲಾ ವಿಭಾಗದ ಸಂಯಮವನ್ನು ಬಾಯ್ತುಂಬ ಹೊಗಳಿ ಬರೆದ. ಅಂದಿನಿಂದ ಕುಂಡ ಅಲ್ಲೇ ಇದೆ.

ಅಂಥ ಮೇಷ್ಟ್ರು ಈ ಸಲ ತಾವೇ ಒಂದು ಕೃತಿ ರಚಿಸಿದ್ದರು. ಕೊನೆಯಲ್ಲಿ ಇಡೀ ವಾದ್ಯವೃಂದ ಬಾಯಿ ಮುಚ್ಚಿ ಕೂರಬೇಕು, ಬಸೂನ್ ಒಂದೇ ಮೇಲೆ ಹೋಗಿ, ಹೋಗಿ, ಬಸೂನ್ ಎಂಬುದು ಹುಟ್ಟಿದಾಗಿನಿಂದ ಕಾಲಿಡದ ಎತ್ತರದಲ್ಲಿ ಒಂದು ಸ್ವರ ಹಿಡಿದು ನಿಲ್ಲಬೇಕು. ಮೇಷ್ಟ್ರ ಕಡ್ಡಿ ಇಳಿಯುವ ತನಕ.

"ಸರ್, ಈ ಸ್ವರಾನ ಪುಟ್ಟ ಕೊಳಲಿನವರು ನಿದ್ದೆಗಣ್ಣಲ್ಲೂ ಊದ್ತಾರೆ," ಎಂದಳು ಗುಬ್ಬಿ ಮೆಲ್ಲಗೆ.

"ಊದ್ತಾರೆ. ಅದಕ್ಕೇ ಬೇಡ. ಕೋತಿ ಮರದ ತುದಿಗೆ ಹತ್ತಿದ್ರೆ ಯಾರಮ್ಮ ತಲೆಯೆತ್ತಿ ನೋಡ್ತಾರೆ? ಆನೆ ಹತ್ತಬೇಕು. ಹತ್ತಿ, ತುದೀಲಿ ಕೂತು, ಒಂದ್ಸಲ ಹೀಗೆ ಕಿವಿ ಆಡಿಸ್ಬೇಕು."

"ರೆಂಬೆ ಮುರಿದ್ರೆ ಸರ್?"

ಮೇಷ್ಟ್ರು ಹೂಕುಂಡದ ಕಡೆ ಪ್ರೀತಿಯಿಂದ ನೋಡಿದರು. "ಪಾಪ, ಆ ಗಿಡಕ್ಕೂ ಒಂಟಿ ಅನ್ನಿಸ್ತಿದೆ. ಜೊತೆಗೊಂದು ತರೋಣ ಅಂತಿದ್ದೆ."

ಗುಬ್ಬಿಯ ಕೈಕಾಲು ತಣ್ಣಗಾಯಿತು. ಅವಳ ಪಕ್ಕದ ಕುರ್ಚಿಯಲ್ಲಿದ್ದ ಎರಡನೇ ಬಸೂನಿನ ಮಾವನ ಕೈಕಾಲು ಇನ್ನೂ ತಣ್ಣಗಾಯಿತು. ಸಂಬಂಧದಲ್ಲಿ ಅವರು ಯಾರಿಗೂ ಮಾವನಲ್ಲ, ಆದರೆ ವಾದ್ಯವೃಂದದಲ್ಲಿ ಎಲ್ಲರಿಗೂ ಮಾವ. "ನೋಡಮ್ಮ," ಎಂದು ಅವರು ಹೊರಗೆ ಬಂದು ಪಿಸುಗುಟ್ಟಿದರು, "ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ಮೊದ್ಲು ಆ ಸ್ವರಾನ ನನ್ನ ಬಾಯಿಗೆ ಇಟ್ಟು ನೋಡ್ತಾರೆ. ತುದಿ ಸ್ವರಕ್ಕೆ ರೀಡನ್ನ ಹಲ್ಲಲ್ಲಿ ಕಚ್ಚಬೇಕು. ನನ್ನ ಹಲ್ಲೋ, ನನ್ನವಲ್ಲ. ಹಿಂದೊಂದ್ಸಲ ಕಚ್ಚಿದ್ದಕ್ಕೆ ಹಾರಿ ಹೋಗಿ ನಗಾರಿಯವನ ಮಡಿಲಿಗೆ ಬಿದ್ವು. ಅವನು ತಾಳ ತಪ್ಪದೆ ಅವನ್ನೂ ಬಾರಿಸಿದ. ನನ್ನ ಮಾನ ನಿನ್ನ ಬಾಯಲ್ಲಿದೆ ತಾಯಿ."

ಹೀಗೆ ಎರಡು ಕುರ್ಚಿಗಳ ಭಾರ ಹೊತ್ತುಕೊಂಡು ಗುಬ್ಬಿ ಮನೆಗೆ ಬಂದಳು.

ಮನೆಯೆಂದರೆ ಮೆಟ್ಟಿಲು ಹತ್ತಿ ಹೋದರೆ ಸಿಗುವ ಒಂದು ದೊಡ್ಡ ಕೋಣೆ, ಅದರ ಹಿಂದೆ ಅಡುಗೆಮನೆ. ಕಿಟಕಿಯ ಬಳಿ ಅಮ್ಮನ ಹೊಲಿಗೆ ಯಂತ್ರ. ಅಮ್ಮ ಹೋಟೆಲುಗಳಿಗೆ ಪರದೆ ಹೊಲಿಯುತ್ತಿದ್ದಳು, ಹಾಗಾಗಿ ಕೋಣೆಯಲ್ಲಿ ಯಾವಾಗ ನೋಡಿದರೂ ಯಾರದೋ ಕಿಟಕಿಯ ಬಟ್ಟೆ ಅಲೆ ಅಲೆಯಾಗಿ ಬಿದ್ದಿರುತ್ತಿತ್ತು. ಎದುರಿನ ಗೋಡೆಗೆ ಬೀರು, ಬೀರುವಿನ ಮೇಲೆ ಹಳೆಯ ಸೂಟ್‌ಕೇಸು, ಬೀರುವಿನ ಕೆಳಗೆ ಅಜ್ಜಿಯ ಕುರ್ಚಿ.

ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ. ಒಮ್ಮೆಲೇ ಹೋದದ್ದಲ್ಲ. ಮೊದಲು ಹಕ್ಕಿಗಳು ಹೋದವು, ಆಮೇಲೆ ಬಾಗಿಲ ಗಂಟೆ, ಆಮೇಲೆ ಅಮ್ಮನ ಹೊಲಿಗೆ ಯಂತ್ರ, ಕೊನೆಗೆ ಗುಬ್ಬಿಯ ಹೂಂ. ಆ ಹೂಂ ಹೋದದ್ದೇ ದೊಡ್ಡ ನಷ್ಟ. ಅಜ್ಜಿಯ ಕತೆಗಳಿಗೆ ಒಂದು ಕರಾರಿತ್ತು: ಅವಳು ಒಂದು ಮಾತು ಹೇಳಿ ನಿಲ್ಲಿಸಬೇಕು, ಕೇಳುವವರು ಹೂಂ ಅನ್ನಬೇಕು, ಆಗಲೇ ಕತೆ ಮುಂದಿನ ಹೆಜ್ಜೆ ಇಡುವುದು. ಚಿಕ್ಕಂದಿನಲ್ಲಿ ಗುಬ್ಬಿ ಹೂಂಗುಟ್ಟುವುದರಲ್ಲಿ ಎತ್ತಿದ ಕೈ. ಹೆದರಿದ ಹೂಂ, ನಂಬದ ಹೂಂ, ಬೇಗ ಮುಂದಕ್ಕೆ ಹೇಳು ಅನ್ನುವ ಹೂಂ, ಎಲ್ಲ ಅವಳ ಬಳಿ ಇದ್ದವು. ಆಮೇಲೆ ಬಾಯಿಗೆ ರೀಡು ಬಂತು. ಬಾಯಲ್ಲಿ ರೀಡು ಇಟ್ಟುಕೊಂಡು ಹೂಂ ಅನ್ನಲಾಗುವುದಿಲ್ಲ. ಅಂದಿದ್ದರೂ ಅಷ್ಟು ಹೊತ್ತಿಗೆ ಅಜ್ಜಿಗೆ ಕೇಳಿಸುತ್ತಿರಲಿಲ್ಲ. ಒಂದು ದಿನ ಅಜ್ಜಿ ಒಂದು ಕತೆಯನ್ನು ನಡುವಿನಲ್ಲೇ ಬಿಟ್ಟಳು. "ಹೂಂ ಇಲ್ದೆ ಕತೆ ಹೇಳೋದು ಗೋಡೆ ಜೊತೆ ಸಂಸಾರ ಮಾಡಿದ ಹಾಗೆ" ಅಂದವಳು ಮತ್ತೆ ಬಾಯಿ ತೆರೆದದ್ದು ಊಟಕ್ಕೆ, ತಿಂಡಿಗೆ, ಅಮ್ಮನ ಪರದೆಗಳನ್ನು ಹಳಿಯುವುದಕ್ಕೆ ಮಾತ್ರ.

ಬಸೂನ್ ಊದುವವರಲ್ಲಿ ಒಂದು ಕಟ್ಟಳೆ ಇದೆ. ಕಲಿಯಲು ಹೋದ ಮೊದಲ ವಾರವೇ ಹೇಳಿಕೊಡುತ್ತಾರೆ. ತೀರ ತುದಿಯ ಸ್ವರಗಳನ್ನು ಮನೆಯಲ್ಲಿ ಬೆರಳಿಗೆ ಮಾತ್ರ ಕಲಿಸಬೇಕು, ಬಾಯಿಂದ ಊದಬಾರದು. ಊದುವುದೇನಿದ್ದರೂ ಎತ್ತರದ ಸೂರಿನ ಸಭಾಂಗಣದಲ್ಲಿ. ಅದು ತುಟಿ ಹಾಳಾಗದಿರಲಿ ಎಂದು ಹೊಸಬರಿಗೆ ಹೇಳುವ ಮಾತು ಅಂತ ಗುಬ್ಬಿ ತಿಳಿದಿದ್ದಳು. ಅವಳು ಈಗ ಹೊಸಬಳಲ್ಲವಲ್ಲ.

ಆ ಮಧ್ಯಾಹ್ನ ಅವಳು ಆ ಸ್ವರಕ್ಕೆಂದೇ ಒಂದು ರೀಡು ಹೆರೆದಳು. ಮೋಟು, ದಪ್ಪ, ಉಗುರಿನಷ್ಟು ಬಿರುಸು. ರೀಡು ಮೋಟಾದಷ್ಟೂ ಸ್ವರ ಮೇಲೇರುತ್ತದೆ. ನೀರಲ್ಲಿ ನೆನೆಸಿ ನಳಿಕೆಗೆ ಸಿಕ್ಕಿಸಿದಳು. ಕೆಳಗೆ ಕನ್ನಡಕದ ಅಂಗಡಿ ಇಟ್ಟಿದ್ದವರು ಸದ್ದಿಗೆ ಮೂಗು ಮುರಿಯುತ್ತಾರೆಂದು ಕಿಟಕಿಗಳನ್ನು ಗಟ್ಟಿಯಾಗಿ ಮುಚ್ಚಿದಳು. ಹೊಟ್ಟೆ ಬಿಗಿಹಿಡಿದು, ಎಡಗೈ ಹೆಬ್ಬೆರಳನ್ನು ಇರುವ ಕೀಲಿಗಳ ಮೇಲೆಲ್ಲ ಓಡಿಸಿ, ರೀಡನ್ನು ಹಲ್ಲಿನಿಂದ ಕಚ್ಚಿ, ಹುಟ್ಟಿದಾಗಿನಿಂದ ಕೂಡಿಟ್ಟ ಉಸಿರನ್ನೆಲ್ಲ ಒಂದೇ ಸಲ ಒಳಗೆ ಕಳಿಸಿದಳು.

ಕೀ.

ಬಂತು. ಸೂಜಿಮೊನೆಯಂಥ, ತೆಳ್ಳಗಿನ, ಒಂದಿಷ್ಟೂ ಅಲುಗದ ಸ್ವರ. ಗುಬ್ಬಿ ಕುಣಿಯುವಷ್ಟು ಸಂತೋಷಪಟ್ಟು ಊದುವುದನ್ನು ನಿಲ್ಲಿಸಿದಳು. ಸ್ವರ ನಿಲ್ಲಲಿಲ್ಲ. ಮೇಲೆ ಹೋಗಿ ಸೂರಿಗೆ ಬಡಿದುಕೊಂಡಿತು, ಕಿಟಕಿಗಳತ್ತ ಹೋಗಿ ಮುಚ್ಚಿದ್ದನ್ನು ನೋಡಿ ಹಿಂದಿರುಗಿತು, ಕೋಣೆಯನ್ನೊಂದು ಸುತ್ತು ಹಾಕಿ ಬೀರುವಿನ ಮೇಲೆ ಸೂಟ್‌ಕೇಸಿನ ಪಕ್ಕ ಕೂತು ಸುಮ್ಮನಾಯಿತು. ಕಣ್ಣಿಗೆ ಏನೂ ಕಾಣಲಿಲ್ಲ ನಿಜ. ಆದರೆ ಅಲ್ಲಿ ಒಂದು ಕಡೆ ಧೂಳು ಸಣ್ಣಗೆ ನಡುಗುತ್ತಿತ್ತು.

"ಯಾರೇ ಅದು?" ಎಂದಳು ಅಜ್ಜಿ. "ಯಾರೋ ಕರೆದ ಹಾಗಾಯ್ತಲ್ಲ?"

ಅಮ್ಮ ಸೂಜಿಗೆ ಬೆರಳು ಚುಚ್ಚಿಸಿಕೊಂಡಳು. ಅಡುಗೆಮನೆಯ ಕಪಾಟು ಪಾತ್ರೆಗಳ ಸಮೇತ ಕಳಚಿ ಬಿದ್ದಾಗಲೂ ತಲೆಯೆತ್ತದ ಅಜ್ಜಿ ಈಗ ಕತ್ತು ಹೊರಳಿಸಿ ಬೀರುವಿನ ತುದಿಯನ್ನೇ ನೋಡುತ್ತಿದ್ದಳು.

"ಊಟ ಆಯ್ತಾ?" ಎಂದು ಅಜ್ಜಿ ಬೀರುವನ್ನು ಕೇಳಿದಳು.

ಕೀ.

"ಯಾರ ಪೈಕಿ ನೀನು?"

ಕೀ.

"ಹಾಗೋ," ಎಂದಳು ಅಜ್ಜಿ, ಎಲ್ಲ ತಿಳಿದವಳ ಹಾಗೆ. ಸೆರಗು ಸರಿಮಾಡಿಕೊಂಡು ಕುರ್ಚಿಯನ್ನು ಬೀರುವಿನ ಕಡೆ ತಿರುಗಿಸಿಕೊಂಡಳು. "ಕೂತ್ಕೋ ಹಾಗಾದ್ರೆ. ಒಬ್ಬಳು ರಾಣಿ. ಅವಳ ನೆರಳಿಗೆ ಕೊಳೆಯಾಗಿತ್ತು."

ಕೀ.

"ಬಿಸಿಲಲ್ಲಿ ಓಡಾಡಿ ಓಡಾಡಿ ಅಂಚೆಲ್ಲ ಮಾಸಿಹೋಗಿತ್ತು. ರಾಣಿ ಅದನ್ನ ಬಿಚ್ಚಿ, ಮಡಚಿ, ಅಗಸನಿಗೆ ಒಗೆಯೋಕೆ ಹಾಕಿದಳು."

ಕೀ.

ನಡುವಿನಲ್ಲಿ ನಿಂತಿದ್ದ ಕತೆ ಅದೇ. ಗುಬ್ಬಿಗೆ ಗುರುತು ಸಿಕ್ಕಿತು. ಆದರೆ ಕುರ್ಚಿಯ ಚಿಂತೆ ಕತೆಗಿಂತ ದೊಡ್ಡದು. ಅವಳು ಮತ್ತೆ ರೀಡು ಕಚ್ಚಿ ಊದಿದಳು. ಕೆಳಗಿನ ಸ್ವರಗಳೆಲ್ಲ ಒಂದೊಂದಾಗಿ ಹಾಜರಾದವು, ನಡುವಿನವು ಬಂದವು, ಮೇಲಿನವು ಏದುಸಿರು ಬಿಡುತ್ತ ಬಂದವು. ತುದಿಯದ್ದು ಮಾತ್ರ ಇಲ್ಲ. ಬಿದ್ದ ಹಲ್ಲಿನ ಜಾಗದಲ್ಲಿ ಗಾಳಿ ಆಡಿದ ಹಾಗೆ ಬರೀ ಸುಯ್ಯೆಂದಿತು.

"ಮನೇಲಿ ಊದಿದ್ಯಾ?" ಎಂದು ಕಿರುಚಿದರು ಮಾವ, ಅವಳು ಓಡಿಹೋಗಿ ಹೇಳಿದಾಗ. "ಬಾಯಿಂದ? ಕಿಟಕಿ ಮುಚ್ಚಿ? ಅಯ್ಯೋ ನನ್ನ ಹಲ್ಲೇ! ಅಂಥ ಸ್ವರ ಒಂದು ವಾದ್ಯದಲ್ಲಿ ಒಂದೇ ಇರೋದಮ್ಮ. ಸಭಾಂಗಣದಲ್ಲಾದ್ರೆ ಮೇಲೆ ಹೋಗಿ, ತಿರುಗಾಡಿ, ಬೇಜಾರಾಗಿ ವಾಪಸ್ ಕೊಳವೆಗೆ ಬರುತ್ತೆ. ಮನೇಲಿ ಊದಿದ್ರೆ ಕೂರೋಕೆ ಜಾಗ ಸಿಗುತ್ತೆ. ಜಾಗ ಸಿಕ್ಕಿದ ಮೇಲೆ ಯಾವ ನೆಂಟ ಎದ್ದು ಹೋಗ್ತಾನೆ?"

"ಈಗೇನು ಮಾಡ್ಲಿ ಮಾವ?"

"ಅದಕ್ಕೆ ಬೇಜಾರಾಗೋ ಹಾಗೆ ಮಾಡು."

ಗುಬ್ಬಿ ಮಾಡಿದಳು. ಏಣಿ ಹಾಕಿ ಹತ್ತಿ ಬಸೂನಿನ ಬಾಯನ್ನು ಧೂಳಿನ ಹತ್ತಿರ ಹಿಡಿದು ಬಾ ಬಾ ಅಂದಳು. ಪೊರಕೆಯಿಂದ ತಳ್ಳಿದಳು. ಅಮ್ಮ ಒಂದು ಗಂಟೆ ವ್ಯಾಪಾರದ ವಿಚಾರ ಮಾತಾಡಿದಳು, ಅದಕ್ಕಿಂತ ಬೇಜಾರಿನ ಸಂಗತಿ ಆ ಮನೆಯಲ್ಲಿರಲಿಲ್ಲ. ಕಿಟಕಿಗಳನ್ನೆಲ್ಲ ತೆರೆದಿಟ್ಟರು. ಜಪ್ಪಯ್ಯ ಅಂದರೂ ಸ್ವರ ಅಲುಗಲಿಲ್ಲ. ಅಲುಗುವುದಾದರೂ ಹೇಗೆ? ಕೆಳಗೆ ಕೂತ ಅಜ್ಜಿ ಕತೆಯನ್ನು ಬೆಳೆಸುತ್ತಲೇ ಇದ್ದಳು. ಅಗಸ ನೆರಳುಗಳನ್ನು ಹಗ್ಗದ ಮೇಲೆ ಒಣಗಲು ಹಾಕಿದಾಗ ಅದಲುಬದಲಾಗಿ ರಾಣಿಗೆ ಒಂದು ಒಂಟೆಯ ನೆರಳು ಬಂತು. ರಾಣಿ ಸಿಂಹಾಸನದಲ್ಲಿ ಕೂತರೆ ಹಿಂದಿನ ಗೋಡೆಯ ಮೇಲೆ ಡುಬ್ಬ ಮೂಡುತ್ತಿತ್ತು, ಆಸ್ಥಾನದಲ್ಲಿ ಒಬ್ಬನೂ ಚಕಾರ ಎತ್ತಲಿಲ್ಲ. ಆಮೇಲೆ ಅಸಲು ನೆರಳು ಊರೂರು ಅಲೆಯಿತು. ಪ್ರತಿ ನಿಲುಗಡೆಗೂ ಮೇಲಿನಿಂದ ಒಂದು ಕೀ. ಅಜ್ಜಿಯ ಕೆನ್ನೆಯಲ್ಲಿ ಬಣ್ಣ ಮರಳಿತ್ತು. ಊಟಕ್ಕೆ ಕರೆದರೆ "ಇರ್ರೇ, ನೆರಳು ನದಿ ದಾಟ್ತಿದೆ" ಅನ್ನುತ್ತಿದ್ದಳು.

ಕೆಳಗಿನ ಕನ್ನಡಕದವರು ಧಡಧಡನೆ ಮೆಟ್ಟಿಲು ಹತ್ತಿ ಬಂದರು. "ಏನಮ್ಮ ನಿಮ್ಮ ಮನೇಲಿ? ಆ ಕೀ ಅಂದಾಗಲೆಲ್ಲ ನನ್ನ ಅಂಗಡಿಯ ಗಾಜುಗಳು ನಡುಗಿ ನಂಬರು ಬದಲಾಗ್ತಿವೆ! ಬೆಳಿಗ್ಗೆ ಒಬ್ಬರು ಕನ್ನಡಕ ಹಾಕ್ಕೊಂಡು ಹೋದ್ರು, ಮನೆಗೆ ಹೋಗಿ ಹೆಂಡತೀನ ಸರಿಯಾಗಿ ನೋಡಿಬಿಟ್ಟು ವಾಪಸ್ ಬಂದು ನನ್ನ ಜೊತೆ ಜಗಳ."

"ಅಜ್ಜಿ ಕತೆ ಹೇಳ್ತಿದಾಳೆ," ಎಂದಳು ಅಮ್ಮ, ಬೇರೇನು ಹೇಳಬೇಕೋ ತಿಳಿಯದೆ.

"ಕತೆಯಂತೆ ಕತೆ!" ಎಂದು ಅವರು ಒಂದು ಪರದೆಯ ಗಂಟಿನ ಮೇಲೆ ಕೂತರು, ಎದುರುತ್ತರಕ್ಕೆ ಕಾಯುವವರಂತೆ. ಏಳುವ ಹೊತ್ತಿಗೆ ಕತ್ತಲಾಗತೊಡಗಿತ್ತು. "ಒಂಟೆಗೆ ಯಾರ ನೆರಳು ಹೋಯ್ತು ಅಂತ ಹೇಳಲೇ ಇಲ್ವಲ್ಲ," ಎಂದು ಗೊಣಗುತ್ತ ಇಳಿದು ಹೋದರು.

ಅಭ್ಯಾಸದ ಕೊನೆಯ ದಿನ ಬಂತು. ಸಭಾಂಗಣದಲ್ಲಿ ಎಲ್ಲರೂ ಬಾಯಿ ಮುಚ್ಚಿದರು, ಮೇಷ್ಟ್ರ ಕಡ್ಡಿ ಮೇಲೇರಿತು, ಗುಬ್ಬಿ ರೀಡು ಕಚ್ಚಿದಳು. ಸುಯ್. ಮೇಷ್ಟ್ರು ಕಡ್ಡಿ ಇಳಿಸಲಿಲ್ಲ. ಗುಬ್ಬಿ ಮತ್ತೆ ಊದಿದಳು. ಸುಯ್. ಮೇಷ್ಟ್ರು ವೇದಿಕೆಯಿಂದ ಇಳಿದು, ಹೂಕುಂಡವನ್ನು ತಬ್ಬಿ ಎತ್ತಿ ತಂದು ಗುಬ್ಬಿಯ ಕುರ್ಚಿಯ ಪಕ್ಕ ಇಟ್ಟರು. ಒಂದು ಎಲೆ ಅವಳ ಭುಜಕ್ಕೆ ತಾಗಿತು.

"ಪರಿಚಯ ಮಾಡ್ಕೊಳ್ಳಿ," ಎಂದರು ಮೇಷ್ಟ್ರು. "ನಾಳೆ ಸಂಜೆ ಕಾರ್ಯಕ್ರಮ."

ಗುಬ್ಬಿ ಮನೆಗೆ ಬಂದವಳೇ ಅಜ್ಜಿಯ ಎದುರು ನೆಲದ ಮೇಲೆ ಕೂತಳು. ಅಜ್ಜಿ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಗುಬ್ಬಿ ಒಂದೊಂದೇ ಮಾತನ್ನು ಬಿಡಿಸಿ, ಕೈಯಾಡಿಸಿ ಎಲ್ಲ ಹೇಳಿದಳು. ಮೇಷ್ಟ್ರು, ಕಡ್ಡಿ, ಕುಂಡ, ಬೀರುವಿನ ಮೇಲಿರುವವರು ಯಾರ ಪೈಕಿ ಅನ್ನುವುದನ್ನೂ.

"ಅದು ನಿನ್ನದಾ?" ಎಂದಳು ಅಜ್ಜಿ.

ಗುಬ್ಬಿ ತಲೆಯಾಡಿಸಿದಳು. "ಕತೆ ಮುಗಿಸಿಬಿಡಜ್ಜಿ. ಮುಗಿದ್ರೆ ಎದ್ದು ಬರುತ್ತೆ."

"ಮುಗಿದ್ರೆ ಹೋಗುತ್ತೆ ಅಂತ ನಂಗೊತ್ತಿಲ್ವೇನೇ? ಅದಕ್ಕೇ ನೆರಳನ್ನ ಅಷ್ಟು ಊರು ಸುತ್ತಿಸ್ತಿರೋದು." ಅಜ್ಜಿ ತನ್ನ ಅಂಗೈ ನೋಡಿಕೊಂಡಳು. "ಇಷ್ಟು ವರ್ಷದ ಮೇಲೆ ಒಬ್ಬರು ಹೂಂ ಅಂದ್ರು ಗುಬ್ಬಿ. ನನ್ನ ಬಾಯಿಗೂ ಒಂದು ಕೆಲಸ ಸಿಕ್ತು."

ಗುಬ್ಬಿಗೆ ಮುಗಿಸು ಎಂದು ಪಟ್ಟು ಹಿಡಿಯಲು ಬಾಯಿ ಬರಲಿಲ್ಲ, ಬೇಡ ಬಿಡು ಅನ್ನಲೂ ಬರಲಿಲ್ಲ. ಭುಜಕ್ಕೆ ತಾಗಿದ ಎಲೆಯ ತಂಪು ಇನ್ನೂ ಹೋಗಿರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಅಮ್ಮ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು: "ಕತೆ ಎಲ್ಲಿರುತ್ತೋ ಅದು ಅಲ್ಲಿರುತ್ತೆ ತಾನೇ? ಅಜ್ಜೀನೇ ಕರ್ಕೊಂಡು ಹೋಗು."

ಹೀಗೆ ಒಂದು ಉಪಾಯವಾಯಿತು. ಅಜ್ಜಿ ಕತೆಯನ್ನು ಒಂದು ಒಳ್ಳೆಯ ಜಾಗದಲ್ಲಿ ತಡೆದು ಬಾಯಲ್ಲಿ ಇಟ್ಟುಕೊಂಡಿರಬೇಕು. ಕೃತಿಯ ಕೊನೆಗೆ ಮೇಷ್ಟ್ರ ಕಡ್ಡಿ ಮೇಲೇರಿದಾಗ ಗುಬ್ಬಿ ಹುಬ್ಬು ಹಾರಿಸುತ್ತಾಳೆ, ಅಜ್ಜಿ ಒಂದೇ ಒಂದು ಮಾತು ಹೇಳುತ್ತಾಳೆ, ಸ್ವರ ಕೀ ಅನ್ನುತ್ತದೆ. ಎಲ್ಲಿಂದ ಬಂತೆಂದು ಯಾರಿಗೆ ತಿಳಿಯಬೇಕು? ಕುರ್ಚಿ ಉಳಿಯುತ್ತದೆ, ಕತೆಯೂ ಉಳಿಯುತ್ತದೆ. ಮೋಸ ಅನ್ನುವುದಾದರೆ ಮೋಸವೇ. ಆದರೆ ಹೂಕುಂಡವನ್ನು ವಯೋಲಾ ಎಂದು ತೋರಿಸುವವರ ಎದುರು ಇದೇನು ಮಹಾ ಎಂದು ಗುಬ್ಬಿ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಮರುದಿನ ಅವರು ಬಸ್ಸಿನಲ್ಲಿ ಹೋದರು. ಅಜ್ಜಿ ದಾರಿಯುದ್ದಕ್ಕೂ ಕತೆ ಹೇಳುತ್ತಲೇ ಹೋಗಬೇಕಾಯಿತು, ಇಲ್ಲದಿದ್ದರೆ ಸ್ವರ ಹಿಂದೆ ಉಳಿಯುತ್ತಿತ್ತು. ಕಿವಿ ಕೇಳದವರ ಪಿಸುಮಾತು ಎಷ್ಟು ಮೆಲ್ಲಗಿರುತ್ತದೆ ಎಂದು ಬಲ್ಲವರೇ ಬಲ್ಲರು. ಬಸ್ಸಿನವರೆಲ್ಲ ತಿರುಗಿ ಕೂತರು. ಸ್ವರ ಮೇಲಿನ ಹಿಡಿಕಂಬಿಯ ಮೇಲೆ ಕೂತಿತ್ತು, ಅದು ಕೀ ಅಂದಾಗಲೆಲ್ಲ ಚಾಲಕ ಯಾರೋ ಇಳಿಯಬೇಕೆಂದು ಬಸ್ಸು ನಿಲ್ಲಿಸುತ್ತಿದ್ದ. ಯಾರೂ ಇಳಿಯಲಿಲ್ಲ. ತಮ್ಮ ನಿಲ್ದಾಣ ದಾಟಿಹೋದವರೂ ಸುಮ್ಮನೆ ಕೂತಿದ್ದರು. ಸಭಾಂಗಣ ಬಂದಾಗ ಬುಟ್ಟಿ ಹಿಡಿದ ಹೆಂಗಸೊಬ್ಬಳು ಅಜ್ಜಿಯ ಕೈ ಹಿಡಿದು, "ಅಜ್ಜಿ, ಇಷ್ಟು ಮಾತ್ರ ಹೇಳಿ ಹೋಗಿ. ನೆರಳಿಗೆ ಮನೆ ಸಿಗುತ್ತಾ?" ಎಂದಳು. ಅಜ್ಜಿಗೆ ಕೇಳಿಸಲಿಲ್ಲ.

ವೇದಿಕೆಯ ಮೇಲೆ ಅಜ್ಜಿಗೆ ಜಾಗವಿರಲಿಲ್ಲ. ಗುಬ್ಬಿಯಿಂದ ಉಪಾಯ ಕೇಳಿ ತಿಳಿದಿದ್ದ ಮಾವ ಹಿಂದೆಮುಂದೆ ನೋಡದೆ ಹೂಕುಂಡವನ್ನು ಎತ್ತಿ ಪರದೆಯ ಹಿಂದಿಟ್ಟು, ಅದು ಇದ್ದ ಕಡೆ, ಗುಬ್ಬಿಯ ಪಕ್ಕಕ್ಕೇ, ಒಂದು ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸಿದರು. ಕಡ್ಡಿ ಮೇಷ್ಟ್ರು ಬಂದವರು ಹುಬ್ಬು ಗಂಟಿಕ್ಕಿದರು.

"ನನ್ನ ಗಿಡ ಎಲ್ಲಿ?"

"ಬಾಡಿದೆ ಸರ್," ಎಂದರು ಮಾವ. "ಇವತ್ತಿನ ಮಟ್ಟಿಗೆ ಅಜ್ಜಿ."

"ತಪ್ಪು ನುಡಿಸ್ತಾರಾ?"

"ಏನೂ ನುಡಿಸೋದಿಲ್ಲ ಸರ್."

ಮೇಷ್ಟ್ರು ಅಜ್ಜಿಯ ಸುತ್ತ ಒಮ್ಮೆ ಬಂದು ನೋಡಿದರು. "ಹಾಗಾದ್ರೆ ಸರಿ," ಎಂದರು.

ಕೃತಿ ಶುರುವಾಯಿತು. ಪಿಟೀಲುಗಳು ಅತ್ತವು, ತುತ್ತೂರಿಗಳು ಗದರಿಸಿದವು, ನಗಾರಿಯವನು ಅತ್ತವರನ್ನೂ ಗದರಿಸಿದವರನ್ನೂ ಸಮನಾಗಿ ಬಡಿದ. ಸ್ವರ ವೇದಿಕೆಯ ಮೇಲಿನ ದೀಪದ ಸರಳಿನ ಮೇಲೆ ಕಾಲು ಇಳಿಬಿಟ್ಟು ಕೂತಿತ್ತು. ಅದರ ಕೆಳಗೆ ಒಂದು ದೀಪದ ಗಾಜು ಮಾತ್ರ ನಡುಗುತ್ತಿದ್ದದ್ದು ಗುಬ್ಬಿಗೆ ಕಾಣುತ್ತಿತ್ತು. ಅಜ್ಜಿ ತುಟಿ ಬಿಗಿಹಿಡಿದು ಕೂತಿದ್ದಳು, ಕತೆ ಒಳಗಿನಿಂದ ಕೆನ್ನೆಗಳನ್ನು ತಳ್ಳುತ್ತಿತ್ತು. ಕೊನೆಗೆ ಒಂದೊಂದೇ ವಾದ್ಯ ಮೌನವಾಯಿತು. ಗುಬ್ಬಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋದಳು. ಮೇಷ್ಟ್ರ ಕಡ್ಡಿ ಎದ್ದಿತು. ಅವಳು ರೀಡು ಕಚ್ಚಿ ಹುಬ್ಬು ಹಾರಿಸಿದಳು.

"ಮರವೇ ಇಲ್ಲದ ಒಂದು ದಾರಿ ಬದೀಲಿ," ಎಂದಳು ಅಜ್ಜಿ, ಸಭಾಂಗಣದ ಹಿಂದಿನ ಸಾಲಿಗೂ ಕೇಳುವ ಪಿಸುದನಿಯಲ್ಲಿ, "ಚಾಪೆ ಹೆಣೆಯೋ ಒಬ್ಬ ಮುದುಕಿ ಮೇಲೆ ತನ್ನ ನೆರಳು ಬಿದ್ದಿರೋದನ್ನ ರಾಣಿ ಕಂಡಳು."

ಕೀ.

ಸಭೆ ಉಸಿರು ಬಿಗಿಹಿಡಿಯಿತು. ಕೀ ಮುಗಿಯಿತು. ಮೇಷ್ಟ್ರ ಕಡ್ಡಿ ಇಳಿಯಲಿಲ್ಲ.

ಹೂಂ ಅನ್ನುವುದು ಚಿಕ್ಕ ಮಾತು, ಹಿಡಿದು ನಿಲ್ಲುವ ಮಾತಲ್ಲ. ಉಪಾಯ ಹೂಡುವಾಗ ಇದು ಅಮ್ಮನಿಗೂ ಹೊಳೆದಿರಲಿಲ್ಲ, ಗುಬ್ಬಿಗೂ ಹೊಳೆದಿರಲಿಲ್ಲ. ಅವಳು ಊದಿದಳು. ಸುಯ್. ಕಡ್ಡಿ ಗಾಳಿಯಲ್ಲಿ ಕಾಯುತ್ತಿತ್ತು. ಮಾವ ಎರಡೂ ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡರು. ಗುಬ್ಬಿಯ ಕೆನ್ನೆ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಆದರೂ ಅಜ್ಜಿಯ ಕಡೆ ತಿರುಗಲಿಲ್ಲ. ತಿರುಗಿದರೆ ಕತೆ ಮುಗಿಸೆಂದು ಬೇಡಿದಂತಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅಜ್ಜಿ ಕಡ್ಡಿಯನ್ನು ನೋಡಿದಳು. ಮೊಮ್ಮಗಳನ್ನು ನೋಡಿದಳು. ತಲೆಯೆತ್ತಿ ನಡುಗುವ ದೀಪವನ್ನು ತುಸು ಹೊತ್ತು ನೋಡಿದಳು, ನೆಂಟರನ್ನು ಬಾಗಿಲ ತನಕ ಬಿಟ್ಟುಬರುವವರು ನೋಡುವಂತೆ.

"ನನ್ನ ನೆರಳು ಕೊಡು ಅಂದಳು ರಾಣಿ. ತಗೋ ತಾಯಿ, ನಿನ್ನದೇ, ಅಂದಳು ಮುದುಕಿ. ಆದ್ರೆ ತಂಪಲ್ಲಿ ಕೂತು ಅಭ್ಯಾಸವಾಗಿಬಿಟ್ಟಿದೆ. ಆಗಾಗ ಬಂದು ಇಲ್ಲಿ ನಿಂತ್ಕೋ. ರಾಣಿ ನಿಂತ್ಕೊಂಡಳು. ಮುದುಕಿ ಚಾಪೆ ಹೆಣೆದಳು." ಅಜ್ಜಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. "ಅಷ್ಟೇ ಕಣಪ್ಪ. ಮುಂದಕ್ಕಿಲ್ಲ."

ಕತೆ ಮುಗಿದಾಗ ಮಕ್ಕಳು ಬಿಡುವ ಉದ್ದನೆಯ ಉಸಿರು ನಿಮಗೆ ಗೊತ್ತಲ್ಲ. ದೀಪದ ಗಾಜು ನಡುಗುವುದು ನಿಂತಿತು. ಏನೋ ಒಂದು ಹಗುರವಾಗಿ ಇಳಿದು ಬಸೂನಿನ ತೆರೆದ ಬಾಯೊಳಗೆ ಜಾರಿತು. ಉದ್ದನೆಯ ಮರದಲ್ಲಿ ಕೆಳಗೆ ಹೋಗಿದ್ದು, ಮಡಿಕೆಯಲ್ಲಿ ತಿರುಗಿದ್ದು, ಮತ್ತೆ ಮೇಲೆ ಹತ್ತಿದ್ದು ಎಲ್ಲವೂ ಗುಬ್ಬಿಯ ಬೆರಳುಗಳಿಗೆ ತಿಳಿಯಿತು. ನಳಿಕೆಯ ಬಾಗಿನಲ್ಲಿ ಒಂದು ಕ್ಷಣ ತಡೆದು ಅವಳ ಹಲ್ಲುಗಳ ಕೆಳಗೆ ಬಂತು.

ಕೀ ಎಂದು ಹೊರಟದ್ದು ನಿಲ್ಲಲೇ ಇಲ್ಲ. ಹಿಂದಿನ ಸಾಲಿನ ಹೆಂಗಸರ ಕಿವಿಯೋಲೆಗಳು ತೂಗಿದವು. ಕನ್ನಡಕ ಹಾಕಿದವರೆಲ್ಲ ಪಕ್ಕದವರನ್ನು ಮೊದಲ ಸಲ ನೋಡಿದವರಂತೆ ನೋಡಿದರು. ಮೇಷ್ಟ್ರು ಕಡ್ಡಿ ಇಳಿಸುವುದನ್ನೇ ಮರೆತರು. ಅಜ್ಜಿ ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ವಾಲಿಸಿ, ಅಷ್ಟನ್ನೂ ಕೇಳಿಸಿಕೊಂಡಳು. ಕೊನೆಗೂ ಕಡ್ಡಿ ಇಳಿದು ಸ್ವರ ನಿಂತಾಗ, ಎದ್ದ ಚಪ್ಪಾಳೆ ಅವಳಿಗೆ ಕೇಳಿಸಲಿಲ್ಲ. ಜನ ಯಾಕೆ ಕೈ ಕೈ ಬಡಿದುಕೊಳ್ಳುತ್ತಿದ್ದಾರೆ ಎಂಬಂತೆ ನೋಡುತ್ತ ಕೂತಿದ್ದಳು.

"ಕುರ್ಚಿ ನಿಮ್ಮದು," ಎಂದರು ಮೇಷ್ಟ್ರು ಗುಬ್ಬಿಗೆ. ಆಮೇಲೆ ಅಜ್ಜಿಯ ಕಡೆ ತಿರುಗಿ ಬಗ್ಗಿ, "ವಯೋಲಾದಲ್ಲಿ ನಿಮ್ಮಂಥವರು ಬೇಕು," ಎಂದರು.

ಹಿಂದಿರುಗುವಾಗ ಬಸ್ಸು ಎಲ್ಲೂ ಅನಗತ್ಯವಾಗಿ ನಿಲ್ಲಲಿಲ್ಲ. ಅಜ್ಜಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಗುಬ್ಬಿ ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತಿದ್ದಳು. ಕುರ್ಚಿ ಸಿಕ್ಕ ಸಂತೋಷ ಎಲ್ಲೋ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದ ಹಾಗಿತ್ತು. ಮನೆಗೆ ಬಂದ ಮೇಲೆ ಅಜ್ಜಿ ಕುರ್ಚಿಯನ್ನು ಬೀರುವಿನ ಕಡೆಯಿಂದ ಮೊದಲಿನಂತೆ ತಿರುಗಿಸಿಕೊಂಡಳು. ಸೂಟ್‌ಕೇಸಿನ ಮೇಲಿನ ಧೂಳು ಅಲುಗದೆ ಬಿದ್ದಿತ್ತು.

ಮರುದಿನ ಮಧ್ಯಾಹ್ನ ಗುಬ್ಬಿ ಮೋಟು ರೀಡನ್ನು ನೀರಿಗೆ ಹಾಕಿದಳು. ಕೋಣೆಯ ಕಿಟಕಿಗಳನ್ನೂ ಬಾಗಿಲನ್ನೂ ಒಂದೂ ಬಿಡದೆ ತೆರೆದಳು. ಬೀರುವಿನ ಮೇಲಿನ ಸೂಟ್‌ಕೇಸನ್ನು ಇಳಿಸಿ, ಅಲ್ಲಿ ಕೂರಲು ಎಡೆಯಿಲ್ಲದ ಹಾಗೆ ಅಮ್ಮನ ಪರದೆಗಳನ್ನು ಸೂರಿನ ತನಕ ಒಟ್ಟಿದಳು. ಆಮೇಲೆ ಬಸೂನನ್ನು ಮಡಿಲಿಗೆ ಎಳೆದುಕೊಂಡು ಅಜ್ಜಿಯ ಎದುರು ಸ್ಟೂಲಿನ ಮೇಲೆ ಕೂತಳು.

"ಏನೇ ಇದು?" ಎಂದಳು ಅಜ್ಜಿ.

"ಹೇಳು," ಎಂದಳು ಗುಬ್ಬಿ, ತುಟಿಗಳನ್ನು ಅಗಲವಾಗಿ ಬಿಡಿಸಿ.

ಅಜ್ಜಿ ಅನುಮಾನದಿಂದ ನೋಡಿದಳು. ಅಮ್ಮನನ್ನು ನೋಡಿದಳು, ಅಮ್ಮ ಯಂತ್ರ ನಿಲ್ಲಿಸಿದ್ದಳು. "ಒಂದು ಒಂಟೆ," ಎಂದಳು ಅಜ್ಜಿ ಕೊನೆಗೆ, ಹಾವಿಗೆ ಹಾಲಿಡುವವರ ಎಚ್ಚರದಲ್ಲಿ. "ಅದಕ್ಕೆ ಯಾರದೋ ನೆರಳು ಬಂದಿತ್ತು."

ಗುಬ್ಬಿ ಹಲ್ಲು ಕಚ್ಚಿ ಊದಿದಳು.

ಕೀ. ಸ್ವರ ಹೊರಗೆ ಬಂತು, ಬೀರುವಿನ ಮೇಲೆ ಜಾಗವಿಲ್ಲದ್ದನ್ನು ಕಂಡಿತು, ಒಂದು ಕಿಟಕಿಯಿಂದ ಹೊರಗೆ ಹೋಗಿ ಇನ್ನೊಂದರಿಂದ ಒಳಗೆ ಬಂದು ಮರಳಿ ಕೊಳವೆಗೆ ಇಳಿಯಿತು. ಅಜ್ಜಿಯ ಮುಖ ಅರಳಿತು.

"ಅಗಸನ ನೆರಳೇ ಇರಬೇಕು ಅಂತ ಒಂಟೆಗೆ ಗುಮಾನಿ. ಯಾಕಂದ್ರೆ ನೀರು ಕಂಡ ಕಡೆಯೆಲ್ಲ ಅದು ಬಗ್ಗಿ ಕೂರ್ತಿತ್ತು."

ಕೀ.

ಹೀಗೇ ನಡೆಯಿತು. ಬಲು ಬೇಗ ಗುಬ್ಬಿಯ ತುಟಿ ಊದಿಕೊಂಡು ಹಣ್ಣಾಯಿತು. ಅವಳು ರೀಡು ಬಿಟ್ಟು ತುಟಿ ಒರೆಸಿಕೊಳ್ಳಲು ನಿಂತಾಗ ಕೆಳಗಿನಿಂದ ಯಾರೋ ಕೋಲಿನಿಂದ ಸೂರಿಗೆ ಕುಟ್ಟಿದರು.

"ಏನಮ್ಮ ಮೇಲೆ!" ಕನ್ನಡಕದವರ ಕೂಗು ಕಿಟಕಿಯಿಂದ ಬಂತು. "ಯಾಕೆ ನಿಲ್ಲಿಸಿದ್ದು? ಅಂಗಡೀಲಿ ಗಿರಾಕಿಗಳು ಕಾಯ್ತಿದಾರೆ. ಆಮೇಲೆ ಒಂಟೆ ಏನು ಮಾಡ್ತು?"

ಅಜ್ಜಿಗೆ ಅದು ಕೇಳಿಸಲಿಲ್ಲ. ಅವಳು ಮುಂದಕ್ಕೆ ಬಾಗಿ ಮೊಮ್ಮಗಳ ಊದಿದ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಆಮೇಲೆ ಹಿಂದಕ್ಕೆ ಒರಗಿದಳು.

"ಪರವಾಗಿಲ್ಲ," ಎಂದಳು. "ಆದ್ರೆ ನಿಜ ಹೇಳ್ಬೇಕು ಅಂದ್ರೆ, ಅದು ತಾನಾಗೇ ಅನ್ನುವಾಗ ಇನ್ನೂ ಚೆನ್ನಾಗಿತ್ತು ಕಣೇ. ನಿನ್ನದು ಒಂದು ಕೂದಲಷ್ಟು ಕೆಳಗಿದೆ."

ಗುಬ್ಬಿ ಎದ್ದು ಚಾಕು ತಂದಳು. ಕಿಟಕಿಯ ಬೆಳಕಿಗೆ ರೀಡನ್ನು ಹಿಡಿದು, ತುದಿಯನ್ನು ಒಂದೇ ಒಂದು ಕೂದಲಷ್ಟು ಕತ್ತರಿಸಿದಳು.